ಮುಖ ಹೇಗಿದೆ ಹೇಳು

ಸೆಪ್ಟೆಂಬರ್ 2, ಸೋಮವಾರ

ಜನವರಿಯಲ್ಲಿ ಇಲಾಖೆಯವರು ಕೊಟ್ಟ ಡೈರಿ ಇದು. ಎಂಟು ತಿಂಗಳು ಇದರ ಮೇಲೆ ಮಗ ಗುಂಡ ಹಾಲಿನ ಲೋಟ ಇಟ್ಟಿದ್ದೇ ಬಂತು. ಇವತ್ತಿನಿಂದ ಬರೆಯುತ್ತೇನೆ. ಸಂಜೆ ಬಂದು ಕೈಕಾಲು ತೊಳೆದು ದಿನದ ವರದಿಯನ್ನೆಲ್ಲ ಹೆಂಡತಿಗೆ ಒಪ್ಪಿಸುವುದು ಹತ್ತು ವರ್ಷದ ಅಭ್ಯಾಸ. ಅವಳು ನಿನ್ನೆ ಹೊರಟುಹೋದಳು. ಕೇಳುವವರಿಲ್ಲದ ವರದಿಯನ್ನು ಎಲ್ಲಾದರೂ ಹಾಕಬೇಕಲ್ಲ.

ಅವಳದು ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಕೆಲಸ. ಎಂಟು ವಾರದ ತರಬೇತಿ, ಕೊನೆಗೆ ಪರೀಕ್ಷೆ. ಪಾಸಾದರೆ ಮೇಲ್ವಿಚಾರಕಿ. ನಾಲ್ಕು ವರ್ಷದ ಹಿಂದೆ ಇದೇ ಅವಕಾಶ ಬಂದಿದ್ದಾಗ ಗುಂಡ ಹೊಟ್ಟೆಯಲ್ಲಿದ್ದ, ಬಿಟ್ಟುಕೊಟ್ಟಳು. ಈ ಸಲ ಬಿಡಬೇಡ ಎಂದು ಒತ್ತಾಯ ಮಾಡಿದವನು ನಾನೇ. ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ಬರುತ್ತಾರೆ ಎಂದು ಆಗ ಯಾರೂ ನನಗೆ ಹೇಳಿರಲಿಲ್ಲ.

ಶನಿವಾರವೇ ಬಂದರು. ಒಂದು ಸೂಟ್‌ಕೇಸು, ಒಂದು ದಿಂಬು, ಒಂದು ಟೀವಿ. ಹೌದು, ಟೀವಿ. ಮರದ ಪೆಟ್ಟಿಗೆ, ಬಲಗಡೆ ಎರಡು ತಿರುಗುಗುಂಡಿ, ಹಿಂಭಾಗ ಎಮ್ಮೆಯಷ್ಟು ದಪ್ಪ. ಟೆಂಪೊದಿಂದ ಇಳಿಸುವಷ್ಟರಲ್ಲಿ ನನ್ನ ಸೊಂಟ ರಾಜೀನಾಮೆ ಕೊಟ್ಟಿತು. ನಮ್ಮ ಗೋಡೆಯ ಮೇಲೆ ತೆಳ್ಳಗಿನ ಹೊಸ ಟೀವಿ ಇದೆಯಲ್ಲ ಎಂದರೆ, "ಅದು ನನಗೆ ಗೊತ್ತಿಲ್ದಿರೋ ಟೀವಿ" ಎಂದರು. ಅದನ್ನೂ ನನಗೆ ಹೇಳಲಿಲ್ಲ, ನನ್ನ ಮಗಳಿಗೆ ಹೇಳಿದರು.

ಅತ್ತೆ ನನ್ನ ಜೊತೆ ನೇರ ಮಾತಾಡುವುದಿಲ್ಲ. "ನಿಮ್ಮಪ್ಪಂಗೆ ಹೇಳು, ಟೀವಿ ಕಿಟಕಿ ಎದುರು ಬೇಡ, ಮೂಲೇಲಿಡ್ಲಿ ಅಂತ." ನಾನು ಎರಡಡಿ ದೂರದಲ್ಲಿ ನಿಂತಿದ್ದೆ.

"ಅಜ್ಜಿ, ಅಪ್ಪಂಗೆ ಕಿವಿ ಕೇಳತ್ತೆ" ಎಂದಳು ಮಗಳು. ಒಂಬತ್ತು ವರ್ಷ. ಎಲ್ಲದಕ್ಕೂ ವಾದ ಹೂಡುತ್ತಾಳೆ, ಎಲ್ಲರನ್ನೂ ತಿದ್ದುತ್ತಾಳೆ. ಆದ್ದರಿಂದ ಮನೆಯಲ್ಲಿ ಅವಳ ಹೆಸರು ವಕೀಲೆ.

ನನಗೂ ನೇರ ಮಾತಾಡುವ ಆತುರವೇನಿಲ್ಲ. ಮದುವೆಗೆ ಮೊದಲು ಹೆಂಡತಿ ಅಂಗಡಿಯ ಫೋನಿನಿಂದ ತಾಯಿಗೆ ವಿಷಯ ತಿಳಿಸಿದಾಗ ನಾನು ಪಕ್ಕದಲ್ಲಿ ನಿಂತು ರಿಸೀವರಿಗೆ ಕಿವಿ ಕೊಟ್ಟಿದ್ದೆ. "ನೀರಿನ ಮೀಟರ್ ಓದೋನಾ? ಮನೆಮನೆ ತಿರುಗೋನು ಮನೆ ಹೇಗೆ ನಡೆಸ್ತಾನೆ?" ಎಂದಿದ್ದರು. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಇನ್ನು ಐವತ್ನಾಲ್ಕು ದಿನ.

ಸೆಪ್ಟೆಂಬರ್ 5, ಗುರುವಾರ

ಐದೂವರೆಗೆ ಎದ್ದೆ. ಹಾಲು, ನೀರು, ಎರಡು ಡಬ್ಬಿ, ವಕೀಲೆಯ ಎರಡು ಜಡೆ. ಒಂದು ಮೇಲೆ, ಒಂದು ಕೆಳಗೆ ಆಯಿತು. "ಅಮ್ಮ ಬಂದ್ಮೇಲೆ ಅಪೀಲು ಹೋಗ್ತೀನಿ" ಎಂದಳು. ಅವಳನ್ನು ಶಾಲೆಗೆ ಬಿಟ್ಟು ಕಚೇರಿ. ಗುಂಡ ಅಜ್ಜಿಯ ಜೊತೆ ಮನೆಯಲ್ಲಿ.

ಇವತ್ತು ನಲವತ್ತೆರಡು ಮೀಟರು. ಮೂರು ಮನೆಗೆ ಬೀಗ. ಎರಡು ನಾಯಿ. ಒಂದು ಮೀಟರಿನ ಮುಚ್ಚಳದ ಮೇಲೆ ಹೂಕುಂಡ. ಬೇರೆ ವಿಶೇಷವಿಲ್ಲ.

ಮನೆಯಲ್ಲಿ ಹೊಸ ಕಾಯಿದೆಗಳು ಬಂದಿವೆ. ಕುರ್ಚಿ ಎಳೆದರೆ ವಾಪಸ್ ಅದೇ ಜಾಗಕ್ಕೆ ತಳ್ಳಬೇಕು. ಲೋಟಗಳು ಎಡಗಡೆ, ತಟ್ಟೆ ಬಲಗಡೆ. ದಾರಿಯಲ್ಲಿ ಚಪ್ಪಲಿ ಕಂಡರೆ ಬೀದಿಗೆ ಎಸೆಯಲಾಗುವುದು. ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೂರಾರು ತೂತುಗಳ ಹಲಗೆಯ ಮುಂದೆ ಕೂತವರು. ಯಾವ ತಂತಿ ಯಾವ ತೂತಿಗೆ ಎಂದು ಬೆರಳಿಗೇ ಗೊತ್ತಿತ್ತಂತೆ. ನಮ್ಮ ಮನೆಯನ್ನೂ ಹಾಗೇ ಮಾಡಹೊರಟಿದ್ದಾರೆ.

ಇಷ್ಟೆಲ್ಲ ಶಿಸ್ತಿನವರು ತೊಳೆದಿಟ್ಟ ತಟ್ಟೆಯ ಅಂಚಿನಲ್ಲಿ ಅನ್ನದ ಅಗುಳು ಅಂಟಿತ್ತು. ಮಾತಾಡದೆ ಮತ್ತೆ ತೊಳೆದೆ. ಸ್ವಲ್ಪ ಸದ್ದು ಮಾಡಿಯೇ ತೊಳೆದೆ. ಅವರು ಜೋಡಿ ಮಾಡಿಟ್ಟ ಕಾಲುಚೀಲ ಹಾಕಿಕೊಂಡು ಹೋದರೆ ಕಚೇರಿಯ ಗುಮಾಸ್ತ, "ಏನ್ ಸಾರ್, ಎಡಗಾಲಿಗೆ ಬೇರೆ ಇಲಾಖೆಗೆ ವರ್ಗ ಆಯ್ತಾ?" ಎಂದ. ಒಂದು ಕಪ್ಪು, ಒಂದು ಕಡುನೀಲಿ. ಬೇಕಂತಲೇ ಮಾಡುತ್ತಾರೇನೋ.

ಐವತ್ತೊಂದು ದಿನ.

ಸೆಪ್ಟೆಂಬರ್ 7, ಶನಿವಾರ

ಅರ್ಧ ದಿನ ಕೆಲಸ. ಮಧ್ಯಾಹ್ನ ಬಟ್ಟೆ ಒಗೆದು ಒಣಹಾಕಿದೆ.

ಸಂಜೆ ಆರಕ್ಕೆ ಅತ್ತೆಯ ಟೀವಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಳ್ಳುತ್ತದೆ ಎಂದೇ ಹೇಳಬೇಕು: ಗುಂಡಿ ತಿರುಗಿಸಿದರೆ ಮೊದಲು ಒಳಗೆ ಗುಂಯ್ ಎನ್ನುತ್ತದೆ, ಆಮೇಲೆ ನಡುವೆ ಒಂದು ಚುಕ್ಕೆ, ಆಮೇಲೆ ಚಿತ್ರ. ಅಷ್ಟರಲ್ಲಿ ಚಹಾ ಕುಡಿದು ಮುಗಿಸಬಹುದು. ಗುಂಡ ಮೊದಲ ದಿನ ಅದರ ಹಿಂದೆ ಹೋಗಿ ಇಣುಕಿ, "ಇಷ್ಟು ದಪ್ಪ ಇದೆ, ಒಳಗೆ ಯಾರೋ ಇದಾರೆ" ಎಂದಿದ್ದ.

ಹಳೆಯ ಕಾರ್ಯಕ್ರಮಗಳನ್ನೇ ಮತ್ತೆ ಹಾಕುವ ಚಾನೆಲ್ ಒಂದಿದೆ. ಅದರಲ್ಲಿ ಆರು ಗಂಟೆಗೆ ಆ ಮೂರು ಮಹಡಿ ಕಟ್ಟಡದ ಧಾರಾವಾಹಿ. ಶುರುವಿನ ಪಿಟೀಲು ಕೇಳಿದ್ದೇ ನಾನು ಬಟ್ಟೆ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟೆ. ನಾನು ಏಳು ವರ್ಷದವನಿದ್ದಾಗ ನಮ್ಮ ಬೀದಿಗೆಲ್ಲ ಒಂದೇ ಟೀವಿ, ದರ್ಜಿಯ ಮನೆಯಲ್ಲಿ. ಒಳಗೆ ದೊಡ್ಡವರು, ಕಿಟಕಿಯಲ್ಲಿ ನಾವು. ಸರಳಿಗೆ ಗಲ್ಲ ಒತ್ತಿ ಒತ್ತಿ ಮುಖದ ಮೇಲೆ ಗೆರೆ ಮೂಡಿಸಿಕೊಂಡು ಮನೆಗೆ ಹೋಗುತ್ತಿದ್ದೆವು. ಕೆಳಮಹಡಿಯ ಗಡಿಯಾರ ರಿಪೇರಿಯವನು, ಮೇಲಿನ ಸಂಗೀತದ ಟೀಚರು, ನಡುವೆ ಎಲ್ಲರ ಮೇಲೂ ಕಣ್ಣಿಟ್ಟ ಮನೆ ಒಡತಿ. ಟೀಚರಮ್ಮ ಚೆನ್ನಾಗಿರುವ ಗಡಿಯಾರವನ್ನೇ ಪದೇಪದೇ ರಿಪೇರಿಗೆ ತರುತ್ತಾಳೆ. ಅವನೂ ಚೆನ್ನಾಗಿರುವುದನ್ನೇ ಬಿಚ್ಚಿ ಮತ್ತೆ ಜೋಡಿಸಿ ಕೊಡುತ್ತಾನೆ. ಏಳು ವರ್ಷದವನಿಗೆ ಅದು ಗಡಿಯಾರದ ಕಥೆ ಅಂತಲೇ ಅನ್ನಿಸಿತ್ತು.

ಒಂದೇ ತೊಂದರೆ. ವಕೀಲೆ ಅಜ್ಜಿಯ ಕಿವಿಯ ಹತ್ತಿರ ಕೂತು ಬಾಯಿಗೆ ಬೀಗವೇ ಇಲ್ಲದಂತೆ ಹೇಳುತ್ತಲೇ ಇದ್ದಳು: "ಈಗ ಅವನು ಮೆಟ್ಟಿಲು ಹತ್ತುತಿದಾನೆ ಅಜ್ಜಿ. ಕೈಯಲ್ಲಿ ಛತ್ರಿ. ಈಗ ಬಾಗಿಲ ಹತ್ರ ನಿಂತ. ತಟ್ಟಲಿಲ್ಲ. ವಾಪಸ್ ಇಳೀತಿದಾನೆ."

"ಸ್ವಲ್ಪ ಬಾಯಿ ಮುಚ್ಚೇ. ಅಜ್ಜಿಗೇನು ಕಣ್ಣಿಲ್ವಾ? ನೋಡೋಕ್ ಬಿಡು" ಎಂದೆ.

ಇಬ್ಬರೂ ಗಪ್‌ಚಿಪ್. ಐದು ನಿಮಿಷ ಕಳೆದು ಅತ್ತೆ ಎದ್ದು ಅಡುಗೆಮನೆಗೆ ಹೋದರು. ನನ್ನ ಮೇಲೆ ಸಿಟ್ಟು ಬಂದಿರಬೇಕು. ಮೊಮ್ಮಗಳಿಗೆ ಒಂದು ಮಾತು ಅನ್ನುವ ಹಾಗಿಲ್ಲ.

ಸೆಪ್ಟೆಂಬರ್ 11, ಬುಧವಾರ

ಭಾನುವಾರ ಅಡುಗೆಮನೆ ಕಪಾಟು ಒರೆಸಿದ್ದೆ. ಡಬ್ಬಿಗಳ ಮುಚ್ಚಳಕ್ಕೆ ಯಾರೋ ದಾರ ಸುತ್ತಿದ್ದರು: ಒಂದಕ್ಕೆ ಒಂದು ಸುತ್ತು, ಇನ್ನೊಂದಕ್ಕೆ ಎರಡು. ಗುಂಡನ ಕಿತಾಪತಿ ಎಂದು ಎಲ್ಲ ಬಿಚ್ಚಿ ಬಿಸಾಡಿದೆ. ಮಾರನೇ ಬೆಳಿಗ್ಗೆ ಮಕ್ಕಳ ಹಾಲಿಗೆ ಉಪ್ಪು ಬಿದ್ದಿತ್ತು. ಗುಂಡ ಒಂದು ಗುಟುಕು ಕುಡಿದು ನೆಲಕ್ಕೆ ಉಗಿದ. "ವಯಸ್ಸಾಯ್ತು, ಮರೆವು" ಎಂದು ನಾನು ಗೊಣಗಿದ್ದು ಅತ್ತೆಗೆ ಕೇಳಿಸಿರಬೇಕು. ಆ ಇಡೀ ದಿನ ಯಾರ ಮೂಲಕವೂ ನನಗೆ ಒಂದು ಮಾತೂ ಬರಲಿಲ್ಲ.

ಇವತ್ತು ಮತ್ತೆ ದಾರ ಸುತ್ತಿದೆ. ಕೇಳಿದರೆ ಗುಂಡ ತಾನಲ್ಲ ಎನ್ನುತ್ತಾನೆ.

ಮೂವತ್ತೊಂಬತ್ತು ಮೀಟರು. ನಲವತ್ತೈದು ದಿನ.

ಸೆಪ್ಟೆಂಬರ್ 18, ಬುಧವಾರ

ಮಧ್ಯಾಹ್ನ, ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ.

ಹನ್ನೊಂದು ಗಂಟೆಗೆ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗಿದ್ದೆ. ನಿವೃತ್ತರು, ಒಬ್ಬರೇ ಇದ್ದಾರೆ. ಅವರ ಮೀಟರು ಅಡುಗೆಮನೆಯ ಮೂಲೆಯಲ್ಲಿದೆ. ಬಗ್ಗಿ ಓದಿ ಏಳುವಾಗ ಒಲೆಯ ಗುಂಡಿಯ ಮೇಲೆ ಮೇಣದ ಹನಿ ಕಂಡಿತು. ಪಕ್ಕದ ಗುಂಡಿಯ ಮೇಲೆ ಎರಡು ಹನಿ. ಒರೆಸಲೇ ಎಂದು ಕೇಳಿದೆ.

"ಅಯ್ಯಯ್ಯೋ, ಮುಟ್ಬೇಡಪ್ಪ! ಅದೇ ನನ್ನ ಕಣ್ಣು. ಒಂದು ಹನಿ ಅಂದ್ರೆ ಚಿಕ್ಕ ಒಲೆ, ಎರಡು ಅಂದ್ರೆ ದೊಡ್ಡದು. ಡಬ್ಬಿಗೆ ರಬ್ಬರ್ ಬ್ಯಾಂಡು. ಕುರ್ಚಿ ಒಂದಿಂಚು ಜರುಗಿಸಿದ್ರೆ ಮೊಣಕಾಲು ಚಿಪ್ಪು ಹೋಯ್ತು" ಎಂದು ನಕ್ಕರು. ಆರು ವರ್ಷದಿಂದ ಆ ಮನೆಗೆ ಹೋಗುತ್ತಿದ್ದೇನೆ. ಅವರಿಗೆ ಕಣ್ಣು ಕಾಣಿಸುವುದಿಲ್ಲ ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಮೀಟರು ನೋಡಿ ಬರುತ್ತಿದ್ದೆ.

ಹೊರಗೆ ಬಂದು ಸೈಕಲ್ ಹತ್ತಲಾಗಲಿಲ್ಲ. ತಳ್ಳಿಕೊಂಡು ಬಂದೆ. ದಾರ. ಉಪ್ಪು. ಕಾಲುಚೀಲ. ಅಗುಳು. ತಿರುಗುಗುಂಡಿಯ ಟೀವಿ. "ಅಜ್ಜಿಗೇನು ಕಣ್ಣಿಲ್ವಾ?"

ಸೆಪ್ಟೆಂಬರ್ 19, ಗುರುವಾರ

ಶಾಲೆಗೆ ಹೋಗುವ ದಾರಿಯಲ್ಲಿ ಕೇಳಿದೆ. ವಕೀಲೆ ತಕ್ಷಣ ತುಟಿ ಬಿಗಿದುಕೊಂಡಳು.

"ಯಾರಿಗೂ ಹೇಳಲ್ಲ ಅಂತ ಅಜ್ಜಿಗೆ ಮಾತು ಕೊಟ್ಟಿದೀನಿ."

"ಸರಿ, ಹೇಳ್ಬೇಡ."

ಎರಡು ವಿದ್ಯುತ್ ಕಂಬ ದಾಟುವವರೆಗೆ ಯೋಚಿಸಿದಳು. "ಅಪ್ಪ, ನೀನೇ ಹೇಳು. ನಾನು ಹೌದು, ಇಲ್ಲ ಅಷ್ಟೇ ಅಂತೀನಿ. ಆಗ ನಾನು ಹೇಳಿದ ಹಾಗಾಗಲ್ಲ."

ಹೀಗೆ ವಿಚಾರಣೆ ನಡೆಯಿತು. ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲವೇ? ಹೌದು. ಬಲಗಣ್ಣು ಏನೇನೂ ಇಲ್ಲವೇ? ಹೌದು. ಎಡಗಣ್ಣು ಸ್ವಲ್ಪ? ಹೌದು, "ಬಚ್ಚಲಮನೆ ಕನ್ನಡಿ ಥರ, ಆವಿ ಕೂತಾಗ." ಅಮ್ಮನಿಗೆ ಗೊತ್ತೇ? ಇಲ್ಲ. ಯಾಕೆ? ಅದಕ್ಕೆ ಹೌದು-ಇಲ್ಲ ಸಾಲಲಿಲ್ಲ. ಶಾಲೆಯ ಗೇಟಿನ ಹತ್ತಿರ ನಿಂತು ಗಳಗಳ ಅತ್ತುಬಿಟ್ಟಳು. "ಅಮ್ಮಂಗೆ ಗೊತ್ತಾದ್ರೆ ಪರೀಕ್ಷೆ ಬಿಟ್ಟು ಬಂದ್ಬಿಡ್ತಾಳಂತೆ. ಮೊದ್ಲೂ ಒಂದ್ಸಲ ಬಿಟ್ಟಿದ್ಲಂತೆ. ಅಪ್ಪ, ನಾನೀಗ ಮಾತು ಮುರಿದೆನಾ?"

ಮುರಿಯಲಿಲ್ಲ ಎಂದೆ. ಮೂಗು ಒರೆಸಿ ಒಳಗೆ ಕಳಿಸಿದೆ. ಒಂಬತ್ತು ವರ್ಷದ ಹೆಗಲ ಮೇಲೆ ಇಷ್ಟು ದಿನ ಇದನ್ನು ಹೊತ್ತಿದ್ದಾಳೆ.

ಏನು ಮಾಡಬೇಕೋ ತಿಳಿಯುತ್ತಿಲ್ಲ. ಹೆಂಡತಿ ಸಂಜೆ ಫೋನು ಮಾಡಿ, "ಎಲ್ಲಾ ಸರಿಯಾಗಿದೆಯಾ ರೀ?" ಎಂದಳು. ಸರಿಯಾಗಿದೆ ಎಂದೆ.

ಸೆಪ್ಟೆಂಬರ್ 23, ಸೋಮವಾರ

ಗುಂಡ ಸಿಕ್ಕಿದ್ದಾನೆ. ಚೆನ್ನಾಗಿದ್ದಾನೆ. ಇದನ್ನು ಮೊದಲೇ ಬರೆದಿಟ್ಟು ಮಿಕ್ಕದ್ದನ್ನು ಬರೆಯುತ್ತೇನೆ.

ನಾಲ್ಕೂವರೆಗೆ ಬಂದಾಗ ಅತ್ತೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಕಾಲಿಗೆ ಚಪ್ಪಲಿ ಇಲ್ಲ, ಮೊಣಕೈ ತರಚಿದೆ. ಪಕ್ಕದಲ್ಲಿ ಮೂಲೆ ಅಂಗಡಿಯ ಕ್ಷೌರಿಕ, ಅವನ ತೊಡೆಯ ಮೇಲೆ ಗುಂಡ, ಕೈಯಲ್ಲಿ ಬಿಸ್ಕತ್ತು. ಮಧ್ಯಾಹ್ನ ಬಾಗಿಲ ಚಿಲಕ ತೆಗೆದುಕೊಂಡು ಆಚೆ ಹೋಗಿದ್ದಾನೆ. ಒಳಗೆಲ್ಲ ತಡಕಿ, ಕೂಗಿ, ಬೀದಿಗಿಳಿದು ಗೋಡೆ ಹಿಡಿದು ಕೂಗುತ್ತಾ ಹೋಗಿದ್ದಾರೆ. ಚರಂಡಿ ಕಲ್ಲಿಗೆ ಎಡವಿ ಬಿದ್ದಿದ್ದಾರೆ. ಕ್ಷೌರಿಕನಿಗೆ ಆ ಕೂಗು ಕೇಳಿಸಿದೆ. ಅಷ್ಟರಲ್ಲಿ ಈ ಮಹಾಶಯ ಅವನ ತಿರುಗುವ ಕುರ್ಚಿಯಲ್ಲಿ ಕೂತು ಮೂರು ಸುತ್ತು ಹಾಕಿ ಆಗಿತ್ತು.

"ಮಗು ಎಲ್ಲೂ ಹೋಗಿರಲಿಲ್ಲ ಅಮ್ಮಾ, ಇಪ್ಪತ್ತೇ ಹೆಜ್ಜೆ" ಎಂದು ಕ್ಷೌರಿಕ ಸಮಾಧಾನ ಮಾಡುತ್ತಿದ್ದ.

ಅವನು ಹೋದ ಮೇಲೆ ಅತ್ತೆ ಮುಖ ನನ್ನ ಕಡೆ ತಿರುಗಿಸಿದರು. "ಅಳಿಯಂದ್ರೇ, ನನಗೆ ಕಣ್ಣು ಕಾಣಲ್ಲ. ಮೂರು ವರ್ಷ ಆಯ್ತು. ನನ್ನ ಕೈಲಾಗಲ್ಲ ಇದು. ನಿಮ್ಮ ಹೆಂಡ್ತೀನ ಕರೆಸಿಕೊಳ್ಳಿ."

ಹತ್ತು ವರ್ಷದಲ್ಲಿ ನನಗೇ ಎಂದು ಆಡಿದ ಮೊದಲ ಮಾತು.

"ನನಗೆ ಗೊತ್ತು" ಎಂದೆ. "ಐದು ದಿನದಿಂದ ಗೊತ್ತು. ಬಾಯಿ ಬಿಡ್ಲಿಲ್ಲ, ಚಿಲಕ ಎತ್ತರಕ್ಕೆ ಹಾಕಿಸ್ಲೂ ಇಲ್ಲ. ಇದು ನನ್ನ ತಪ್ಪು."

"ಅವಳು ಪರೀಕ್ಷೆ ಮುಗಿಸ್ಲಿ, ಇಲ್ಲಿ ನಾನು ನೋಡ್ಕೋತೀನಿ" ಎಂದೆ. ಗುಂಡ ಅವರ ಮೊಣಕೈಗೆ ಊದುತ್ತಿದ್ದ.

ಸೆಪ್ಟೆಂಬರ್ 24, ಮಂಗಳವಾರ

ಬಾಗಿಲ ಮೇಲ್ತುದಿಗೆ ಹೊಸ ಚಿಲಕ. ಗುಂಡನ ಬೆಲ್ಟಿಗೆ ಸೈಕಲ್ಲಿನ ಹಳೆಯ ಗಂಟೆ. ಅವನಿಗೆ ಪರಮಾನಂದ, ತಾನೊಂದು ರೈಲು ಎಂದುಕೊಂಡಿದ್ದಾನೆ; ಗಂಟೆ ನಿಂತರೆ ಅತ್ತೆ "ಯಾವ ಸ್ಟೇಷನ್ನು?" ಎಂದು ಕೂಗುತ್ತಾರೆ, ಇವನು ಉತ್ತರ ಕೊಡಬೇಕು.

ಕಚೇರಿಯಲ್ಲಿ ಮೇಲಿನವರ ಹತ್ತಿರ ಹೋಗಿ ನಮ್ಮ ಬಡಾವಣೆಯ ಬೀದಿಗಳನ್ನೇ ಕೊಡಿ ಎಂದು ಕೇಳಿದೆ. ಯಾಕೆ ಎಂದರು. "ಮನೇಲಿ ಹಿರಿಯರಿದಾರೆ ಸಾರ್, ನಡುವೆ ಎರಡು ಸಲ ಹೋಗಿ ನೋಡ್ಬೇಕು" ಎಂದೆ. ಕನ್ನಡಕ ತೆಗೆದು ಒರೆಸುತ್ತಾ, ತಮ್ಮ ತಾಯಿಯ ಕೊನೆಯ ವರ್ಷದ ಬಗ್ಗೆ ಹತ್ತು ನಿಮಿಷ ಹೇಳಿದರು. ಕನ್ನಡಕವಿಲ್ಲದ ಅವರ ಮುಖ ಚಿಕ್ಕ ಹುಡುಗನ ಮುಖದಂತಿತ್ತು. ಬೀದಿಗಳು ಸಿಕ್ಕವು.

ಸೆಪ್ಟೆಂಬರ್ 27, ಶುಕ್ರವಾರ

ರಜೆ ಹಾಕಿ ಕಣ್ಣಾಸ್ಪತ್ರೆಗೆ ಹೋದೆವು. ಗುಂಡನನ್ನು ಕ್ಷೌರಿಕನ ಹೆಂಡತಿ ನೋಡಿಕೊಂಡಳು. ಬಸ್ಸು ಹತ್ತುವಾಗ ಕೈ ಕೊಟ್ಟೆ, ಹಿಡಿಯಲಿಲ್ಲ. ಶರ್ಟಿನ ತೋಳು ಹಿಡಿದರು, ಅದೂ ಎರಡೇ ಬೆರಳಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ.

ಉದ್ದ ಬೆಂಚಿನ ಮೇಲೆ ಮೂರು ಗಂಟೆ ಕಾದೆವು. ಕಾಯುತ್ತಾ ಇದ್ದಕ್ಕಿದ್ದಂತೆ, "ನಿಮಗೆ ಆ ಮಾತು ಕೇಳಿಸಿತ್ತು ಅಂತ ನನಗೆ ಗೊತ್ತಿತ್ತು" ಎಂದರು.

"ಯಾವ ಮಾತು?"

"ಮನೆಮನೆ ತಿರುಗೋನು ಅಂದಿದ್ದು. ಫೋನಲ್ಲಿ. ನಾನು ಎಕ್ಸ್‌ಚೇಂಜಿನವಳು. ಆ ಕಡೆ ಇನ್ನೊಬ್ಬರು ಉಸಿರು ಬಿಗಿಹಿಡಿದು ಕೇಳ್ತಿದ್ರೆ ಗೊತ್ತಾಗ್ದೇ ಇರತ್ತಾ? ಮಾತು ಬಾಯಿಂದ ಹೊರಟಾಗಿತ್ತು. ಆಮೇಲೆ ಯಾವ ಮುಖ ಇಟ್ಕೊಂಡು ನಿಮ್ಮ ಜೊತೆ ಮಾತಾಡ್ಲಿ? ಇವತ್ತು, ನಾಳೆ ಅಂತ ಹತ್ತು ವರ್ಷ ಹೋಯ್ತು."

ನಾನು ಹತ್ತು ವರ್ಷ ಅದನ್ನು ಗರ್ವ ಎಂದುಕೊಂಡಿದ್ದೆ. "ಚಹಾ ತರ್ಲಾ ಅತ್ತೆ?" ಎಂದೆ. "ಸಕ್ಕರೆ ಕಡಿಮೆ" ಎಂದರು.

ಡಾಕ್ಟರು ಬೈದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಬಲಗಣ್ಣಿನ ನರ ಪೂರ್ತಿ ಒಣಗಿದೆ. ಅದು ಹೋದದ್ದು ಹೋಯಿತು. ಎಡಗಣ್ಣಿನ ನರ ಅರ್ಧ ಉಳಿದಿದೆ, ಅದರ ಮುಂದೆ ದಟ್ಟ ಪೊರೆ. ಹನಿ ಹಾಕಿ ಮೊದಲು ಒತ್ತಡ ಇಳಿಸಬೇಕು, ಆಮೇಲೆ ಪೊರೆ ತೆಗೆಯಬಹುದು. ಎಷ್ಟು ಕಾಣುತ್ತದೆ ಎಂದು ತೆಗೆದ ಮೇಲೇ ಹೇಳಬೇಕು. ಬಾರದೆಯೂ ಇರಬಹುದು, ಬಂದರೂ ಸ್ವಲ್ಪವೇ ಬರಬಹುದು. ಶಸ್ತ್ರಚಿಕಿತ್ಸೆ ಅಕ್ಟೋಬರ್ ಹದಿನೈದಕ್ಕೆ.

ಹಿಂದಿರುಗುವಾಗ ಅತ್ತೆಯದು ಒಂದೇ ಮಾತು: "ಪರೀಕ್ಷೆ ಇಪ್ಪತ್ನಾಲ್ಕಕ್ಕೆ. ಅಲ್ಲೀವರೆಗೂ ಅವಳಿಗೆ ಗೊತ್ತಾಗಕೂಡದು."

ಅಕ್ಟೋಬರ್ 3, ಗುರುವಾರ

ದಿನಕ್ಕೆ ಮೂರು ಸಲ ಹನಿ. ಬೆಳಿಗ್ಗೆ, ಮಧ್ಯಾಹ್ನ ನಡುವೆ ಬಂದು, ಸಂಜೆ. ಅತ್ತೆ ಕುರ್ಚಿಗೆ ತಲೆ ಒರಗಿಸುತ್ತಾರೆ. ನಾನು ಕೆಳರೆಪ್ಪೆ ಎಳೆದು ಬಾಟಲಿ ಹಿಡಿಯುತ್ತೇನೆ. ಮೊದಲ ದಿನ ಮೂರು ಹನಿ ಕೆನ್ನೆಗೆ ಹೋಯಿತು. "ಗಿಡಕ್ಕೆ ನೀರು ಹಾಕ್ತಿದೀರಾ?" ಎಂದರು. ಈಗ ಒಂದೇ ಹನಿ, ಗುರಿ ತಪ್ಪುವುದಿಲ್ಲ.

ಇವತ್ತು ವಕೀಲೆ ಶಾಲೆಯ ಆಟದ ಅಭ್ಯಾಸಕ್ಕೆ ಉಳಿದಿದ್ದಳು. ಆರಕ್ಕೆ ಪಿಟೀಲು ಶುರುವಾಯಿತು. ಅತ್ತೆ ಒಬ್ಬರೇ ಕೂತಿದ್ದರು. ನಾನು ಹುರುಳಿಕಾಯಿ ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ಕೂತು ಶುರುಮಾಡಿದೆ: "ಟೀಚರಮ್ಮ ಬಂದ್ರು. ಕೈಯಲ್ಲಿ ಗಡಿಯಾರ. ಮೇಜಿನ ಮೇಲಿಟ್ರು. ಅವನು ತಗೊಂಡ."

"ಅದೆಲ್ಲ ಸದ್ದಲ್ಲೇ ಗೊತ್ತಾಗತ್ತೆ. ಯಾರು ಬಂದ್ರು, ಯಾರು ಹೋದ್ರು ಬೇಡ. ಮುಖ ಹೇಗಿದೆ ಹೇಳಿ."

ಮುಖ. ನೋಡಿದೆ. ಹೇಗಿದೆ ಎಂದು ಹೇಳುವುದು ನೋಡಿದಷ್ಟು ಸುಲಭವಲ್ಲ. "ನಗ್ತಿದಾರೆ" ಎಂದೆ. ಎಂಥ ನಗು ಎಂದರು. "ಅಂದ್ರೆ... ತುಟಿ ನಗ್ತಿದೆ. ಕಣ್ಣು ಅವನ ಕೈಬೆರಳು ನೋಡ್ತಿದೆ. ಅವನು ತಲೆ ಎತ್ತೋಕ್ ಮುಂಚೆ ಬೇರೆ ಕಡೆ ತಿರುಗಿಸ್ಕೊಂಡ್ರು."

"ಹಾಂ" ಎಂದು ಅತ್ತೆ ಕುರ್ಚಿಗೆ ಒರಗಿದರು. "ಇಷ್ಟು ದಿನ ಇದೇ ತಪ್ಪಿಹೋಗಿತ್ತು ನನಗೆ."

ಹುರುಳಿಕಾಯಿ ಬಿಡಿಸುವುದು ಅಲ್ಲಿಗೇ ನಿಂತಿತು. ಊಟ ತಡವಾಯಿತು.

ಅಕ್ಟೋಬರ್ 6, ಭಾನುವಾರ

ಹೆಂಡತಿಗೆ ಹೇಳಿಬಿಟ್ಟೆ.

ಬೆಳಿಗ್ಗೆ ನಲ್ಲಿ ಕೆಳಗೆ ಬಟ್ಟೆ ನೆನೆಹಾಕಿ ಯೋಚಿಸಿದೆ. ಅವರು ಅವಳ ತಾಯಿ. ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚುಕಡಿಮೆಯಾದರೆ ನಾನು ಯಾವ ಬಾಯಲ್ಲಿ ಉತ್ತರ ಹೇಳಲಿ? ಬೀದಿಯ ತುದಿಗೆ ಹೋಗಿ ಫೋನು ಮಾಡಿದೆ. ಎಲ್ಲ ಹೇಳಿದೆ, ಉಪ್ಪಿನ ಹಾಲಿನ ಸಮೇತ.

ಅವಳು ಅತ್ತಳು. ಆಮೇಲೆ, "ಎರಡು ವರ್ಷದಿಂದ ಅಮ್ಮ ಒಂದು ಕಾಗದ ಬರೆದಿಲ್ಲ. ನಾನು ಸೋಮಾರಿತನ ಅಂದ್ಕೊಂಡಿದ್ದೆ ರೀ" ಎಂದಳು. ಇವತ್ತೇ ಹೊರಟು ಬರುತ್ತೇನೆ ಎಂದಳು.

"ಬಂದ್ರೆ ಅವರು ಆಪರೇಷನ್ನೇ ಬೇಡ ಅಂತ ಎದ್ದು ಊರಿಗೆ ಹೋಗ್ತಾರೆ. ನಿನ್ನ ಪರೀಕ್ಷೆ ಕೆಟ್ಟಿತು ಅನ್ನೋದು ಅವರಿಗೆ ಕಣ್ಣಿಗಿಂತ ದೊಡ್ಡದು. ನೀನು ಓದು. ಇಲ್ಲಿ ನಾನಿದೀನಿ."

"ಅಮ್ಮ ನಿಮ್ಮ ಹತ್ರ ಹನಿ ಹಾಕಿಸ್ಕೋತಾರಾ?" ಎಂದಳು.

"ಹಾಕಿಸ್ಕೋತಾರೆ. ಬೈತಾ ಹಾಕಿಸ್ಕೋತಾರೆ."

ನಕ್ಕಳು ಅನ್ನಿಸಿತು. ಬರುವುದಿಲ್ಲ ಎಂದು ಒಪ್ಪಿದಳು. ಏನೂ ಗೊತ್ತಿಲ್ಲದವಳ ಹಾಗೆ ನಾಟಕ ಮಾಡುತ್ತೇನೆ ಎಂದಳು.

ಅಕ್ಟೋಬರ್ 7, ಸೋಮವಾರ

ನಾಟಕ ಅರ್ಧ ನಿಮಿಷವೂ ನಡೆಯಲಿಲ್ಲ. ಸಂಜೆ ಫೋನು ಬಂತು, ಅತ್ತೆ ತೆಗೆದುಕೊಂಡರು. "ಅಮ್ಮಾ, ಊಟ ಆಯ್ತಾ?" ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು. ಅತ್ತೆ ಆಯ್ತು ಎಂದರು, ಓದಿಕೋ ಎಂದರು, ಫೋನು ನನ್ನ ಕಡೆ ಚಾಚಿದರು.

"ಹೇಳಿಬಿಟ್ಟಿದೀಯ."

"ಇಲ್ಲ ಅತ್ತೆ, ನಾನು..."

"ಸುಳ್ಳು ಹೇಳ್ಬೇಡ ಕಣೋ. ಅವಳ ದನಿ ನನಗೆ ಗೊತ್ತಿಲ್ವಾ? ಅತ್ತು ಮುಖ ತೊಳ್ಕೊಂಡು ಬಂದು ಮಾತಾಡ್ತಿದಾಳೆ."

ಹೇಳಿದೆ ಎಂದು ಒಪ್ಪಿಕೊಂಡೆ. "ಬರ್ತಾಳಂತಾ?" ಎಂದು ಕೇಳಿದರು. ಬರುವುದಿಲ್ಲ, ಪರೀಕ್ಷೆ ಬರೆದೇ ಬರುತ್ತಾಳೆ ಎಂದೆ. ಸುಮ್ಮನೆ ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ, "ಬಾ, ತಟ್ಟೆ ಹಾಕಿದೀನಿ" ಎಂದರು. ಅವರು ಇಷ್ಟು ಬೇಗ ಸಿಟ್ಟು ಬಿಡುತ್ತಾರೆ ಎಂದುಕೊಂಡಿರಲಿಲ್ಲ.

ಅಕ್ಟೋಬರ್ 11, ಶುಕ್ರವಾರ

ನಲವತ್ತೊಂದು ಮನೆ. ನೀಲಿ ಗೇಟಿನ ಮನೆಯ ಸೊಸೆ ಬಾಗಿಲು ತೆಗೆದಾಗ ಒಂದು ಕೆನ್ನೆ ಮಾತ್ರ ನಗುತ್ತಿತ್ತು. ಹಲ್ಲುನೋವಂತೆ, ಗಂಡನಿಗೆ ಹೇಳಿಲ್ಲವಂತೆ. ಹೇಳು ಎಂದು ಬಂದೆ. ಮೂಲೆ ಮನೆಯ ನಾಯಿಗೆ ನಾನು ಬಂದರೆ ಬೊಗಳಲೋ ಬಾಲ ಆಡಿಸಲೋ ಎಂದು ಗೊಂದಲ, ಎರಡನ್ನೂ ಮಾಡುತ್ತದೆ. ಬೀದಿ ಬದಲಾದರೂ ಡ್ರಾಯಿಂಗ್ ಮೇಷ್ಟ್ರನ್ನು ನೋಡಿ ಬಂದೆ. ಇವತ್ತು ಗಡ್ಡ ಬೋಳಿಸಿಕೊಂಡಿದ್ದರು, ಎಡಗಡೆ ಒಂದು ಪಟ್ಟಿ ಉಳಿದಿತ್ತು. ಹೇಳಿದೆ. ಬ್ಲೇಡು ಕೊಟ್ಟು "ನೀನೇ ತೆಗಿ" ಎಂದರು. ಕೆಲಸ ಮುಗಿಸುವಷ್ಟರಲ್ಲಿ ಐದಾಯಿತು. ಯಾಕೋ ಈಚೆಗೆ ಎಲ್ಲ ತಡವಾಗುತ್ತಿದೆ.

ಅಕ್ಟೋಬರ್ 16, ಬುಧವಾರ

ನಿನ್ನೆ ಶಸ್ತ್ರಚಿಕಿತ್ಸೆ. ಬರೀ ಅರ್ಧ ಗಂಟೆ. ಒಳಗೆ ಹೋಗುವಾಗ ನನ್ನ ಮಣಿಕಟ್ಟು ಹಿಡಿದಿದ್ದರು, ನರ್ಸು ಬಿಡಿಸಬೇಕಾಯಿತು.

ಇವತ್ತು ಬೆಳಿಗ್ಗೆ ಪಟ್ಟಿ ತೆಗೆದರು. ನೀರು ಸುರಿಯಿತು. ರೆಪ್ಪೆ ಬಡಿದರು. ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದರು. "ಮೂರು." ಸರಿ. ಗೋಡೆಯ ಮೇಲಿನ ಅಕ್ಷರಗಳಲ್ಲಿ ಮೇಲಿನ ಎರಡು ಸಾಲು ಓದಿದರು, ಮೂರನೆಯದಕ್ಕೆ ತಡವರಿಸಿದರು. ಇಷ್ಟೇ ಎಂದರು ಡಾಕ್ಟರು. ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಹನಿ ಬದುಕಿರುವವರೆಗೂ ಬಿಡುವಂತಿಲ್ಲ.

ಆಮೇಲೆ ಅತ್ತೆ ತಲೆ ಪೂರ್ತಿ ತಿರುಗಿಸಿ ನನ್ನನ್ನು ನೋಡಿದರು. ನೋಡಿದರು, ನೋಡಿದರು.

"ಇಷ್ಟೊಂದು ನರೆತುಹೋಗಿದೀಯಾ? ಮೂರು ವರ್ಷದಲ್ಲಿ ಯಾರೂ ನನಗೆ ಹೇಳ್ಲೇ ಇಲ್ಲ."

ನರ್ಸು ನಕ್ಕಳು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬಂದದ್ದು ಆ ಆಸ್ಪತ್ರೆಯ ಔಷಧಿ ವಾಸನೆಗೆ.

ಅಕ್ಟೋಬರ್ 21, ಸೋಮವಾರ

ಅತ್ತೆ ಊರಿಗೆ ಹೊರಡುವ ಮಾತು ತೆಗೆದರು. ಹನಿ ತಾವೇ ಹಾಕಿಕೊಳ್ಳಲು ಕಲಿಯುತ್ತಿದ್ದಾರೆ. ಹತ್ತಕ್ಕೆ ಏಳು ಸರಿ ಬೀಳುತ್ತಿದೆ. "ನನ್ನ ಎರಡು ಕೋಣೆ, ನನ್ನ ಬೀಗ, ನನ್ನ ಕೀಲಿ" ಎಂದರು. ಒಳ್ಳೆಯದೇ. ಮೂಲೆ ಖಾಲಿಯಾಗುತ್ತದೆ. ಗುಂಡನಿಗೆ ಓಡಾಡಲು ಜಾಗ.

ಇವತ್ತು ಬರೆಯುವಂಥದ್ದು ಏನೂ ಇಲ್ಲ.

ಅಕ್ಟೋಬರ್ 26, ಶನಿವಾರ

ಹೆಂಡತಿ ಬಂದಳು. ಪರೀಕ್ಷೆ ಚೆನ್ನಾಗಿ ಆಗಿದೆಯಂತೆ. ಫಲಿತಾಂಶಕ್ಕೆ ಇನ್ನೂ ಒಂದು ತಿಂಗಳು.

ನಾವೆಲ್ಲ ರೈಲು ನಿಲ್ದಾಣಕ್ಕೆ ಹೋಗಿದ್ದೆವು. ರೈಲು ನಿಲ್ಲುತ್ತಿದ್ದಂತೆ ಅತ್ತೆ ನನ್ನ ಕಡೆ ಬೆರಳೆತ್ತಿದರು. "ಯಾರೂ ಬಾಯಿ ಬಿಡಬಾರದು. ಈ ವಕೀಲೆಯೂ ಅಷ್ಟೇ. ನಾನೇ ಹುಡುಕ್ತೀನಿ." ಗುಂಡನ ಕೈ ಹಿಡಿದು ಜನರ ನಡುವೆ ಹೊರಟರು. ನಾನೂ ವಕೀಲೆಯೂ ನಾಲ್ಕು ಹೆಜ್ಜೆ ಹಿಂದೆ. ಮೊದಲು ಯಾವಳೋ ಹಸಿರು ಅಂಗಿಯ ಹೆಂಗಸಿನ ಮುಂದೆ ನಿಂತು ಮುಖವನ್ನೇ ದಿಟ್ಟಿಸಿದರು. ಅವಳು ಗಾಬರಿಯಾಗಿ ಸರಿದಳು. ವಕೀಲೆ ನನ್ನ ಕೈ ಜಿಗುಟಿದಳು. ಆಚೆ ಬೋಗಿಯ ಬಾಗಿಲಲ್ಲಿ ನನ್ನ ಹೆಂಡತಿ ಪೆಟ್ಟಿಗೆ ಹಿಡಿದು ನಿಂತುಬಿಟ್ಟಿದ್ದಳು. ತುಟಿ ಕಚ್ಚಿಕೊಂಡಿದ್ದಳು, ಹುಬ್ಬು ನಡುಗುತ್ತಿತ್ತು. ಅವಳೂ ಕೂಗಲಿಲ್ಲ.

ಗುಂಡನಿಗೆ ಅಮ್ಮ ಕಂಡಳು. ಬಾಯಿ ತೆರೆದ, ಏನನ್ನಿಸಿತೋ, ತನ್ನ ಕೈಯಿಂದಲೇ ಮುಚ್ಚಿಕೊಂಡ. ಅತ್ತೆ ತಲೆಯನ್ನು ನಿಧಾನಕ್ಕೆ ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಾ ಬಂದರು. ಬಾಗಿಲಿನ ಹತ್ತಿರ ನಿಂತರು. ಹತ್ತಿರ ಹೋದರು. ಎರಡೂ ಕೈಯಲ್ಲಿ ಮುಖ ಹಿಡಿದರು.

"ಎಷ್ಟು ಇಳಿದುಹೋಗಿದೀಯೇ!"

"ಅಮ್ಮಾ, ನಾಲ್ಕು ಕೆ.ಜಿ. ಜಾಸ್ತಿ ಆಗಿದೀನಿ" ಎಂದು ಅವಳು ಅಳುತ್ತಾ ನಕ್ಕಳು. ತಾಯಿಯ ಹೆಗಲ ಮೇಲಿಂದ ನನ್ನನ್ನು ನೋಡಿದಳು: ನಿಜವಾಗಿ ಎಷ್ಟು ಕಾಣುತ್ತೆ? ಎಂಬಂತೆ. ನಾನು ಹುಬ್ಬು ಹಾರಿಸಿದೆ. ನನಗೇನು ಗೊತ್ತು.

ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕದ ಸೀಟು ಕೇಳಿ ತೆಗೆದುಕೊಂಡರು. ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾ ಬಂದರು. ದೊಡ್ಡ ಅಕ್ಷರ ಸರಿ, ಚಿಕ್ಕದು ಅಂದಾಜು. "ಔಷಧಿ ಅಂಗಡಿ. ಬಟ್ಟೆ ಅಂಗಡಿ. ಬಾಳೆಹಣ್ಣು." ಅದು 'ಬಾಡಿಗೆಗಿದೆ' ಎಂದಿತ್ತು. "ಹಾಲು." ಅದು 'ಹೋಟೆಲು.' ಪಕ್ಕದಲ್ಲಿ ವಕೀಲೆ ಕೂತಿದ್ದಳು, ಅದೇ ಕಿಟಕಿಯಿಂದ ಅವೇ ಬೋರ್ಡುಗಳನ್ನು ನೋಡುತ್ತಾ. ಮನೆ ಬರುವವರೆಗೂ ಒಂದನ್ನೂ ತಿದ್ದಲಿಲ್ಲ.